ನೀರಗಂಟಿ ಹುಲುಗಪ್ಪನಿಗೆ ನಾನು ವಿಳಾಸ ಹಂಚಲು ಕಲಿಸಿದ್ದು

ಹಂಪಿಯ ಪ್ರತಿ ಬಂಡೆಗೂ, ಬಂಡೆಯ ಮೇಲಿನ ಪ್ರತಿ ಕೋತಿಗೂ, ಆ ಕೋತಿಯ ಮೈಮೇಲಿನ ಒಂದೊಂದು ಕೂದಲಿಗೂ ಬೇರೆ ಬೇರೆ ಇಂಟರ್ನೆಟ್ ವಿಳಾಸ ಕೊಟ್ಟು, ಮಿಕ್ಕದ್ದನ್ನು ಸಂಡೂರಿನ ಗುಡ್ಡದ ಅದಿರಿಗೆ ಹಂಚಿ, ಸಂಜೆ ಆರಕ್ಕೆ ಮನೆಗೆ ಬಂದು ಒಗ್ಗಾಣಿ-ಮಿರ್ಚಿ ತಿನ್ನಬಲ್ಲ ಮನುಷ್ಯ ಹೊಸಪೇಟೆಯಲ್ಲಿ ಒಬ್ಬನೇ ಇದ್ದಾನೆ. ಶಂಭುಲಿಂಗ. ನಾನೇ.

ನೆಟ್‌ವರ್ಕ್ ಎಂಜಿನಿಯರುಗಳಿಗೆ ಐಪಿವಿ6 ಕಲಿಸುವುದು ನನ್ನ ಕಸುಬು. ಇಂಟರ್ನೆಟ್ಟಿಗೆ ಸೇರುವ ಫೋನು, ಟಿವಿ, ಕ್ಯಾಮೆರಾ ಎಲ್ಲಕ್ಕೂ ಒಂದೊಂದು ವಿಳಾಸ ಬೇಕು. ಹಳೆಯ ಪದ್ಧತಿಯ ವಿಳಾಸಗಳು ತೀರಿಹೋದವು. ಹೊಸ ಪದ್ಧತಿಯವು, ಅಂದರೆ ಐಪಿವಿ6ನವು, ತೀರುವುದೇ ಇಲ್ಲ. ಇಷ್ಟನ್ನೇ ನಾನು ಮೂರು ದಿನ ಹೇಳುತ್ತೇನೆ, ಕೇಳಿದವರು ಮೂರು ಜನ್ಮ ಮರೆಯುವುದಿಲ್ಲ.

ಕಂಪ್ಲಿಯ ತೋಟಪ್ಪನವರು ನನ್ನನ್ನು ಕರೆಸಿದ್ದರು. ರೈಸ್‌ಮಿಲ್ಲು ಅವರದು, ಸುತ್ತಲ ಹಳ್ಳಿಗಳಿಗೆ ಹೋಗುವ ಇಂಟರ್ನೆಟ್ ಕೇಬಲ್ಲೂ ಅವರದೇ. ಮಿಲ್ಲಿನ ಮಹಡಿಯಲ್ಲಿ ಕ್ಲಾಸು. ಕೆಳಗೆ ಯಂತ್ರ ಗುಡುಗುತ್ತಿತ್ತು. ನಾನು ಬಾಯಿ ತೆರೆದ ಮೇಲೆ ಯಂತ್ರಕ್ಕೇ ನಾಚಿಕೆಯಾಯಿತು. ಶಿಷ್ಯರು ಇಬ್ಬರು. ಒಬ್ಬಳು ತುಳಸಿ, ಲೆಕ್ಕದಲ್ಲಿ ಚುರುಕು. ಇನ್ನೊಬ್ಬ ಐವತ್ತು ದಾಟಿದ ಹುಲುಗಪ್ಪ. ಬುಕ್ಕಸಾಗರದ ಲೈನನ್ನು ಕಂಬ ಕಂಬ ಹತ್ತಿ ಎಳೆದವನು ಅವನೇ. ಯಾವ ಕಂಬ ಯಾವ ಗಾಳಿಗೆ ಅಲ್ಲಾಡುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಮೊದಲ ದಿನವೇ ತೋಟಪ್ಪನವರು ಬಂದು ನಿಂತರು. "ಹುಲುಗಪ್ಪಾ, ಬುಕ್ಕಸಾಗರದ ನಲವತ್ತು ಮನಿಗೆ ಒಂದ ಹಳೇ ವಿಳಾಸ ಕೊಟ್ಟೀವಿ. ಯಾವನೋ ಒಬ್ಬ ಕಿತಾಪತಿ ಮಾಡಿದ್ರ ವೆಬ್‌ಸೈಟಿನವ್ರು ನಲವತ್ತೂ ಮನಿಗೆ ಬಾಗ್ಲು ಹಾಕ್ತಾರ. ಶನಿವಾರ ಸಂಜೀ ಒಳಗ ಬುಕ್ಕಸಾಗರದ ಎಲ್ಲಾ ಮನಿ ಫೋನ್ನ್ಯಾಗ ಹೊಸ ವಿಳಾಸ ಕಾಣ್ಬೇಕು. ಇಲ್ಲಾಂದ್ರ ಆ ಲೈನು ಹೊಸಪ್ಯಾಟಿ ಕಾಂಟ್ರಾಕ್ಟರಿಗೆ. ನೀನು ಸ್ಟೋರ್ನ್ಯಾಗ ಕುಂತು ವೈರಿನ ಸುರುಳಿ ಕಾಯಿ."

ಹುಲುಗಪ್ಪ ಕಿಟಕಿಯಿಂದ ಕೆಳಗೆ, ಅಂಗಳದಲ್ಲಿದ್ದ ತನ್ನ ಏಣಿಯ ಕಡೆ ಒಮ್ಮೆ ನೋಡಿದ.

"ಹೆದರ್‌ಬ್ಯಾಡ ಹುಲುಗಪ್ಪಣ್ಣ," ಎಂದೆ. "ನಾನು ಕಲಿಸಿದ್ರ ಈ ಮಿಲ್ಲಿನ ಇಲಿನೂ ನೆಟ್‌ವರ್ಕ್ ಕಟ್ತಾವ."

ಮೂರು ದಿನ ಕಲಿಸಿದೆ. ಬಂಡೆ, ಕೋತಿ, ಕೂದಲು ಎಲ್ಲ ಹೇಳಿದೆ. ಮನೆಗೊಂದು ವಿಳಾಸವಲ್ಲ, ಮನೆಗೊಂದು ದೊಡ್ಡ ಕಂತೆಯನ್ನೇ ಕೊಡಬೇಕೆಂದೂ, ಆ ಕಂತೆಯಲ್ಲಿ ಕೋಟಿ ಕೋಟಿಗೂ ಮೀರಿ ವಿಳಾಸಗಳಿರುತ್ತವೆಂದೂ ಹೇಳಿದೆ. ಹುಲುಗಪ್ಪ ಎಲ್ಲಕ್ಕೂ ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಹುಲುಗಪ್ಪ ಮಿಲ್ಲಿನಲ್ಲಿ ತಾನೇ ಕೂತು ನಲವತ್ತೂ ಮನೆಗೆ ಹೊಸ ವಿಳಾಸ ಹಂಚಿದ, ಮಧ್ಯಾಹ್ನ ಮೂವರೂ ಬುಕ್ಕಸಾಗರಕ್ಕೆ ಹೋದೆವು. ಸಾಲಿನ ಕೊನೆಯ ಮನೆ ಹುಲುಗಪ್ಪನ ಅಕ್ಕ ಉಚ್ಚೆಂಗಮ್ಮನದು, ಅದರಾಚೆ ಗದ್ದೆ. ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಗೆ ಹೊಸ ವಿಳಾಸ ಬಂದಿತ್ತು. ತುಳಸಿ ತನ್ನ ಫೋನಿನಲ್ಲಿ ಪರೀಕ್ಷೆಯ ಪುಟ ತೆರೆದಳು; ಫೋನಿಗೆ ಹೊಸ ವಿಳಾಸ ಬಂದಿದ್ದರೆ ಅದು ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು. ಉಚ್ಚೆಂಗಮ್ಮನ ಫೋನೂ ಕೆಂಪು. ಪಕ್ಕದ ಮನೆಯಲ್ಲೂ ಕೆಂಪು.

"ಸರ, ನೀವು ಕಲಿಸಿದ್ದು ಸರಿ ಐತಲ್ರೀ?" ಎಂದಳು ತುಳಸಿ. ಬೇರೆ ಯಾರಾದರೂ ಕೇಳಿದ್ದರೆ ಎತ್ತಿ ತುಂಗಭದ್ರೆಗೆ ಎಸೆಯುತ್ತಿದ್ದೆ.

ಲ್ಯಾಪ್‌ಟಾಪ್ ತೆರೆದು ನೋಡಿದರೆ, ಹುಲುಗಪ್ಪ ಪ್ರತಿ ಮನೆಯ ಡಬ್ಬಿಗೆ ಲೆಕ್ಕ ಹಿಡಿದು ಒಂದೇ ಒಂದು ವಿಳಾಸ ಕೊಟ್ಟಿದ್ದ. ಅದನ್ನು ಡಬ್ಬಿಯೇ ಇಟ್ಟುಕೊಂಡಿತ್ತು, ಒಳಗಿನ ಫೋನುಗಳಿಗೆ ಹಂಚಲು ಏನೂ ಉಳಿದಿರಲಿಲ್ಲ. ಕಂತೆಗಳೆಲ್ಲ ಬೀಗ ಹಾಕಿದಂತೆ ಹಾಗೇ ಬಿದ್ದಿದ್ದವು.

"ಮನಿಗೊಂದು ಕಂತಿ ಕೊಡು ಅಂದಿದ್ನಲ್ಲೋ ಮಾರಾಯಾ!"

"ಅಂದಿದ್ರಿ ಸರ. ಆದ್ರ ಕೋತಿ ಕೂದ್ಲಿಗೂ ವಿಳಾಸ ಅಂದವ್ರು ನೀವು. ನಿಮ್ಮ ಮಾತು ಅಷ್ಟೂ ಹಿಡಿಯಾಕ ಬರಂಗಿಲ್ಲ, ಜರಡಿ ಹಿಡೀಬೇಕು ಅಂತ ಒಂದಕ್ಕ ಇಳಿಸಿದೆ." ಕುತ್ತಿಗೆಯ ಬೆವರು ಒರೆಸಿಕೊಂಡ. "ನಮ್ಮದು ನೀರಗಂಟಿ ಮನೆತನ್ರಿ, ಗದ್ದಿಗೋಳಿಗೆ ನೀರು ಹಂಚಾವ್ರು. ಮ್ಯಾಲಿನವ್ನಿಗೆ ತೂಬು ಪೂರ್ತಿ ಎತ್ತಿದ್ರ ಕೆಳಗಿನವ್ರು ನನ್ನ ಸುಮ್ಮನ ಬಿಡ್ತಾರೇನು?"

ಮೂರು ದಿನದಲ್ಲಿ ನಾನು ಸ್ವಲ್ಪವೂ ಉಬ್ಬಿಸದೆ ಹೇಳಿದ್ದು ಆ ಕಂತೆಯ ವಿಷಯವೊಂದೇ. ತಾಯಾಣೆ ಎಂದೆ, ವಿರೂಪಾಕ್ಷನಾಣೆ ಎಂದೆ. ಆಣೆ ಹೆಚ್ಚಿದಷ್ಟೂ ಅವನ ನಂಬಿಕೆ ಕಡಿಮೆಯಾಯಿತು. ಗಡಿಯಾರ ನಾಲ್ಕು ದಾಟಿತ್ತು.

ಅಕ್ಕಿ ಆರಿಸುತ್ತಿದ್ದ ಉಚ್ಚೆಂಗಮ್ಮ ಮೊರ ಕೆಳಗಿಟ್ಟಳು. "ಲೇ ಹುಲುಗ್ಯಾ, ನಮ್ಮಪ್ಪ ಗದ್ದಿಗೆ ನೀರು ಬಿಡ್ತಿದ್ನೋ, ಒಂದೊಂದು ಸಸಿ ಮುಂದ ಕುಂತು ಚಂಬಿನಾಗ ಅಳೀತಿದ್ನೋ? ಗದ್ದಿಗೆ ಬಿಟ್ಟ ಮ್ಯಾಲೆ ಒಳಗಿಂದು ಗದ್ದಿಯವ್ರ ಪಾಡು. ನೀನು ಬದುವಿನ ಮ್ಯಾಲೆ ಒಂದು ಚಂಬು ನೀರಿಟ್ಟು ಬಂದೀ."

ಹುಲುಗಪ್ಪ ಕಂಬದ ಕಡೆ ನೋಡಿದ, ಗದ್ದೆಯ ಕಡೆ ನೋಡಿದ. ಆಮೇಲೆ ನನ್ನನ್ನಲ್ಲ, ತುಳಸಿಯನ್ನು ಕೇಳಿದ: "ಮನಿಗೊಂದು ಕಂತಿ ಕೊಟ್ರ ಕೆಳಗಿನವ್ರಿಗೆ ಉಳೀತೈತೇನವ್ವ?"

"ಇಂಥ ಊರು ಇನ್ನೂ ಸಾವಿರ ಬಂದ್ರೂ ಉಳೀತೈತಣ್ಣ."

ಒಂದೇ ಸಲಕ್ಕೆ ನಂಬಿದ! ನನ್ನ ಎದೆಗೆ ಬಿದ್ದ ಆ ಪೆಟ್ಟನ್ನು ಬೇರೆಯವರಾದರೆ ತಡೆಯುತ್ತಿರಲಿಲ್ಲ.

ಊರ ಬಾಗಿಲಿನ ಮನೆಯಿಂದ ಶುರು ಮಾಡೋಣ ಎಂದೆ. ಹುಲುಗಪ್ಪ ಒಪ್ಪಲಿಲ್ಲ. "ಕೊನೀ ಮನಿಗೆ ಮೊದ್ಲ ಬಿಡ್ಬೇಕ್ರಿ ಸರ. ಕೊನೀಗೆ ಮುಟ್ಟಿದ್ರ ದಾರ್‍ಯಾಗಿನ ತೊಡಕು ಅಲ್ಲೇ ಗೊತ್ತಾಗ್ತೈತಿ." ಇದನ್ನು ನನ್ನ ಯಾವ ಪಾಠದಲ್ಲೂ ನಾನು ಹೇಳಿರಲಿಲ್ಲ, ಹೇಳಬೇಕೆಂದು ಹದಿನೈದು ವರ್ಷದಿಂದ ಯೋಚಿಸುತ್ತಿದ್ದೆ.

ಅಕ್ಕನ ಮನೆಗೆ ಕಂತೆ ಬಿಟ್ಟ. ಫೋನು ಹಸಿರಾಯಿತು. ಟಿವಿಯೂ ಹಸಿರು. "ಜಲ್ದಿ ಜಲ್ದಿ," ಎನ್ನುತ್ತ ತುಳಸಿ ಮನೆಯಿಂದ ಮನೆಗೆ ಓಡಿದಳು. ಐದೂವರೆಗೆ ತೋಟಪ್ಪನವರು ಬೈಕಿನಲ್ಲಿ ಬಂದಾಗ ನಲವತ್ತೂ ಮನೆ ಹಸಿರಾಗಿದ್ದವು. ತೋಟಪ್ಪನವರು ತಮಗೆ ಬೇಕಾದ ನಾಲ್ಕು ಮನೆ ಹೊಕ್ಕು ನೋಡಿ ಬಂದು, "ಏಣಿ ಇಲ್ಲೇ ಇರ್ಲಿ ಹುಲುಗಪ್ಪ, ಲೈನು ನಿಂದ," ಎಂದರು. ಹುಲುಗಪ್ಪ ಅಕ್ಕನ ಕೈಯಿಂದ ಚಹಾ ಇಸಿದುಕೊಂಡು, ಕಂಬಕ್ಕೆ ಒರಗಿ ನಿಧಾನವಾಗಿ ಕುಡಿದ.

ಮುಂದಿನ ತಿಂಗಳು ಸಂಡೂರಿನಲ್ಲಿ ಕ್ಲಾಸು. ಸಹಾಯಕ್ಕೆ ಹುಲುಗಪ್ಪನನ್ನು ಕರೆದೊಯ್ದೆ. ನನಗೆ ಸಹಾಯ ಬೇಕಾಗಿ ಅಲ್ಲ, ಅವನು ಬೆಳೆಯಲಿ ಎಂದು. ನಾನು ಕೋತಿ, ಬಂಡೆ ಎನ್ನುವಾಗ ಅವನು ಬಾಗಿಲ ಬಳಿ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಬರೆದುಕೊಳ್ಳಬೇಕಾದ ಮಾತು ಬಂದಾಗ ಮಾತ್ರ, "ಇದು ಖರೇ ಐತ್ರಿ, ಬರ್ಕೊಳ್ರಿ," ಎನ್ನುತ್ತಿದ್ದ. ಇಡೀ ಕೋಣೆ ಆಗಲೇ ಪೆನ್ನು ಹಿಡಿಯುತ್ತಿತ್ತು.

ಇಡೀ ದಿನದಲ್ಲಿ ನಾಲ್ಕು ಸಲ ಹಾಗೆಂದ. ನೀವು ನಲವತ್ತು ಎಂದೇ ಹಿಡಿಯಿರಿ.