ಏಳನೇ ನಂಬರಿನ ಚಾದರ ಗಂಟು

ಡೊಂಬಿವಲಿಯ ಮೋಹನದಾಸನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಎರಡೇ ಬಗೆಯ ಜನ. ಲಾಡ್ಜ್ ನಡೆಸುವವರು ಒಂದು ಬಗೆ, ಲಾಡ್ಜಿಗೆ ಬಂದು ತಕರಾರು ಮಾಡುವವರು ಇನ್ನೊಂದು ಬಗೆ. ಕಲ್ಯಾಣ್ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಅವನು ಮ್ಯಾನೇಜರ್. ನೀರು ಬಿಸಿಯಿಲ್ಲ, ಟಿವಿ ಬರುತ್ತಿಲ್ಲ ಎಂದು ಕೌಂಟರಿಗೆ ಫೋನ್ ಮಾಡುವವರ ದನಿ ಕೇಳಿ ಕೇಳಿ ಅವನಿಗೆ ಎಂಥ ಹೇಸಿಗೆ ಹುಟ್ಟಿತ್ತೆಂದರೆ, ತಾನು ಪರಸ್ಥಳದ ಹೋಟೆಲಿಗೆ ಹೋದರೆ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಎದ್ದು ಹೋಗಿ ತಾನೇ ತುಂಬಿಸಿಕೊಂಡು ಬರುತ್ತಿದ್ದ. ಬರುವಾಗ ಪಕ್ಕದ ಮೇಜಿಗೂ ಎರಡು ಲೋಟ ಇಟ್ಟು ಬರುತ್ತಿದ್ದ.

ಇದರಿಂದ ಹೆಂಡತಿ ಸ್ವರ್ಣಲತಾಗೆ ಸಾಕೋಸಾಕಾಗಿತ್ತು. ಪುಣೆಯಲ್ಲಿ ನಾದಿನಿಯ ಮಗಳ ಮದುವೆಗೆ ಹೋದಾಗ ಈ ಮನುಷ್ಯ ಲಾಡ್ಜಿನ ಸಂಡಾಸಿನ ಫ್ಲಶ್ ರಿಪೇರಿ ಮಾಡುತ್ತ ಕೂತು ಮುಹೂರ್ತ ತಪ್ಪಿಸಿದ್ದ. ಶಿರಡಿಗೆ ಹೋದಾಗ ಹೋಟೆಲಿನ ಹುಡುಗರಿಗೆ ತಟ್ಟೆ ಎತ್ತುವ ಕ್ರಮ ಕಲಿಸುತ್ತ ನಿಂತ. ಫೋಟೋದಲ್ಲಿ ಅವಳೊಬ್ಬಳೇ ಇದ್ದಾಳೆ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ಮೇ ತಿಂಗಳಲ್ಲಿ ಮಗ ಪೃಥ್ವಿರಾಜ್ ಮುರ್ಬಾಡ್ ರಸ್ತೆಯ ಒಂದು ರಿಸಾರ್ಟಿನಲ್ಲಿ ಎರಡು ರಾತ್ರಿಗೆ ರೂಮ್ ಬುಕ್ ಮಾಡಿದ. ಅವನಿಗೆ ಐರೋಲಿಯಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕ್ಯಾನ್ಸಲ್ ಆಗುವುದಿಲ್ಲ, ದುಡ್ಡು ಹೋಗಿಯಾಯಿತು ಎಂದು ಹಿಂದಿಯಲ್ಲೇ ಹೇಳಿ ಅಪ್ಪನ ಬಾಯಿ ಮುಚ್ಚಿಸಿದ. ಉಳಿದದ್ದನ್ನು ಸ್ವರ್ಣಲತಾ ಕನ್ನಡದಲ್ಲಿ ಹೇಳಿದಳು.

"ಎರಡು ದಿನ ನೀವು ಗಿರಾಕಿ. ಬರೀ ಗಿರಾಕಿ. ಅಲ್ಲಿಯ ಒಂದು ಚಮಚ ಎತ್ತಿ ಆಚೆ ಇಟ್ಟರೂ ನಾನು ಸೀದಾ ಕೋಪರಖೈರಣೆಗೆ, ಅಕ್ಕನ ಮನೆಗೆ. ಚೌತಿ ಮುಗಿಸಿಯೇ ಬರುವುದು. ಇಲ್ಲಿ ಬೇಕಾದರೆ ನೀವು ಲಾಡ್ಜ್ ನಡೆಸಿ."

ಚೌತಿಗೆ ಇನ್ನೂ ಮೂರು ತಿಂಗಳಿತ್ತು. ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಮೋಹನದಾಸ ಒಪ್ಪಿದ.

ಶುಕ್ರವಾರ ಸಂಜೆ ಹೋಗಿ ಇಳಿದರು. ಏಳನೇ ನಂಬರಿನ ರೂಮು, ಎದುರಿಗೆ ಮಾವಿನಮರ, ಆಚೆ ಈಜುಕೊಳ. ರಾತ್ರಿ ಊಟದ ಹೊತ್ತಿಗೆ ಒಬ್ಬ ವೇಟರು ನಾಲ್ಕು ಲೋಟಗಳೊಳಗೆ ನಾಲ್ಕು ಬೆರಳು ಅದ್ದಿಕೊಂಡು ನೀರು ತಂದ. ಮೋಹನದಾಸನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ, ಆ ನೀರನ್ನೇ ಗಟಗಟ ಕುಡಿದ. ಊಟ ಮುಗಿಯುವ ತನಕ ಎರಡೂ ಕೈಗಳನ್ನು ಹೆಚ್ಚುಕಡಿಮೆ ತೊಡೆಯ ಕೆಳಗೇ ಇಟ್ಟುಕೊಂಡಿದ್ದ. ಸ್ವರ್ಣಲತಾಗೆ ಮರುಕ ಬಂತು. ಮಲಗುವಾಗ, ಪರವಾಗಿಲ್ಲ, ನಿಮಗೂ ಆಗುತ್ತದೆ ಎಂದಳು. ಇಪ್ಪತ್ತೈದು ವರ್ಷಗಳಲ್ಲಿ ಅವಳು ಅವನನ್ನು ಹೊಗಳಿದ್ದು ಇದು ಮೂರನೇ ಸಲವೋ ಏನೋ.

ಶನಿವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಕೊಳದ ಮೆಟ್ಟಿಲಲ್ಲಿ ನೀರಿಗೆ ಕಾಲು ಬಿಟ್ಟುಕೊಂಡು ಕೂತಳು. ಬಿಪಿ ಮಾತ್ರೆ ಮರೆತೆ ಎಂದು ಅವನು ರೂಮಿಗೆ ಬಂದ. ಮಾತ್ರೆ ನುಂಗಿದ. ಹಾಗೇ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಚಾದರದ ಅಂಚಿನಲ್ಲಿ ಅಂಗೈ ಅಗಲದ ಮೆಹಂದಿ ಕಲೆ ಕಂಡಿತು. ಯಾವುದೋ ಮದುವೆ ಪಾರ್ಟಿಯದ್ದು. ಇಡೀ ರಾತ್ರಿ ತಾನು ಅದರ ಮೇಲೆ ಮಲಗಿದ್ದೆ ಎಂದರೆ ಏನರ್ಥ?

ಬೇರೆ ಯಾರಾದರೂ ಆಗಿದ್ದರೆ ಫೋನೆತ್ತಿ ಚಾದರ ಬದಲಿಸಿ ಎನ್ನುತ್ತಿದ್ದರು. ಮೋಹನದಾಸ ಅದನ್ನು ಮಾಡುವವನಲ್ಲ. ಅದು ತಕರಾರಿನ ಜನರ ಕೆಲಸ. ಕೆಲಸದವರು ಕಲೆ ನೋಡಿ ತಾವೇ ಬದಲಿಸಲಿ ಎಂದು ಅವನು ಚಾದರ ಎಳೆದ. ಚಾದರ ಎಳೆದವನ ಕೈ ಅಲ್ಲಿಗೇ ನಿಲ್ಲುತ್ತದೆಯೇ? ದಿಂಬಿನ ಕವರು ಬಂತು, ಟವೆಲು ಬಂತು, ಕಾಲೊರೆಸುವ ಬಟ್ಟೆಯೂ ಬಂತು. ಎಲ್ಲವನ್ನೂ ಚಾದರದ ನಡುವೆ ಹಾಕಿ ನಾಲ್ಕೂ ಮೂಲೆ ಸೇರಿಸಿ ಗಂಟು ಕಟ್ಟಿ ಬಾಗಿಲಾಚೆ ಇಟ್ಟ. ನೆಲ ಒರೆಸುವವರಿಗೆ ಅಡ್ಡ ಬರಬಾರದೆಂದು ತಮ್ಮ ಬ್ಯಾಗು ಎರಡನ್ನೂ ಗಂಟಿನ ಪಕ್ಕಕ್ಕಿಟ್ಟ. ಒಳಗೆ ಬರಲು ಸುಲಭವಾಗಲೆಂದು ಚಾವಿಯನ್ನು ಬಾಗಿಲಲ್ಲೇ ಬಿಟ್ಟ. ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ, ಸಣ್ಣಗೆ ಶಿಳ್ಳೆ ಹಾಕುತ್ತ ಕೊಳದ ಕಡೆ ನಡೆದ.

ಲಾಡ್ಜಿನ ಕೆಲಸ ಬಲ್ಲವರಿಗೆ ಬಾಗಿಲ ಮುಂದಿನ ಚಾದರದ ಗಂಟೆಂದರೆ ಒಂದೇ ಅರ್ಥ: ರೂಮ್ ಖಾಲಿ. ಕಲ್ಯಾಣಿನಲ್ಲಿ ಹುಡುಗರಿಗೆ ಇದನ್ನು ಹೊಡೆದು ಕಲಿಸಿದವನೇ ಅವನು. ಆ ಹೊತ್ತಿಗೆ ಮಾತ್ರ ಅದು ಅವನ ತಲೆಗೆ ಹೊಳೆಯಲಿಲ್ಲ.

ಊಟ ಮುಗಿಸಿ ಎರಡು ಗಂಟೆಗೆ ಬಂದರೆ ಏಳನೇ ನಂಬರಿನ ಹಾಸಿಗೆಯ ಮೇಲೆ ಚಡ್ಡಿ ಬನಿಯನ್ನಿನ ಒಬ್ಬ ದಪ್ಪನೆಯ ಮನುಷ್ಯ ಅಡ್ಡಾಗಿದ್ದ. ಎರಡು ಮಕ್ಕಳು ವೇಫರ್ ತಿನ್ನುತ್ತ ಟಿವಿ ನೋಡುತ್ತಿದ್ದವು. ಆತನ ಹೆಂಡತಿ ಬಾತ್‌ರೂಮಿನಿಂದ ಇಣುಕಿ, ರೂಮ್ ಸರ್ವಿಸಾ, ಎರಡು ಚಹಾ ತನ್ನಿ ಎಂದು ಮರಾಠಿಯಲ್ಲಿ ಹೇಳಿದಳು. ಮೋಹನದಾಸ ತರಲು ತಿರುಗಿಯೇಬಿಟ್ಟಿದ್ದ. ಸ್ವರ್ಣಲತಾ ಅಂಗಿ ಹಿಡಿದು ಎಳೆದಳು.

ಆಮೇಲೆ ರಿಸೆಪ್ಶನ್ನಿನಲ್ಲಿ ಅವನು ಮಾಡಿದ ಗಲಾಟೆ ಕೊಳದಲ್ಲಿದ್ದವರಿಗೂ ಕೇಳಿಸಿತು. ಮೊದಲು ಹಿಂದಿಯಲ್ಲಿ ಬೈದ, ಆಮೇಲೆ ಮರಾಠಿಯಲ್ಲಿ. ಕೊನೆಗೆ ಸಿಟ್ಟು ಜಾಸ್ತಿಯಾಗಿ ಕನ್ನಡಕ್ಕೆ ಬಂದಾಗ ಕೌಂಟರಿನ ಹಿಂದಿನಿಂದ ಮ್ಯಾನೇಜರು ಕೈಮುಗಿದು ಎದ್ದು ಬಂದ. ಹೆಸರು ಮಧ್ವರಾಜ, ಊರು ಕಾರ್ಕಳದ ಕಡೆ. ಪಾಪ, ಮೆತ್ತಗಿನ ಮನುಷ್ಯ. ರೂಮ್ ಖಾಲಿ ಅಂತ ಹೌಸ್‌ಕೀಪಿಂಗಿನಿಂದ ಬಂತು, ದುಡ್ಡು ಮೊದಲೇ ಕಟ್ಟಿದ್ದರಿಂದ ನೀವು ಹೇಳದೆ ರೂಮು ಬಿಟ್ಟಿರಬೇಕು, ಊಟ ಮುಗಿಸಿ ಹೋಗುವಾಗ ಬ್ಯಾಗು ಒಯ್ಯುತ್ತೀರಿ ಎಂದುಕೊಂಡೆವು, ನಿಮ್ಮ ಬ್ಯಾಗು ಇಲ್ಲೇ ಭದ್ರವಾಗಿದೆ, ಆದರೆ ಇವತ್ತು ಶನಿವಾರ, ಒಂದು ರೂಮೂ ಇಲ್ಲ ಅಣ್ಣ ಎಂದ.

"ಖಾಲಿ ಅಂತ ಹೇಳಿದ್ದು ಯಾರು? ಮೊದಲು ಅವರನ್ನು ಕರೆಸಿ. ಅಂಥವರನ್ನು ಒಂದು ದಿನ ಇಟ್ಟುಕೊಳ್ಳಬಾರದು. ನಾನಾದರೆ ಈಗಲೇ ಮನೆಗೆ ಕಳಿಸುತ್ತಿದ್ದೆ."

ಬಂದವಳು ಗುರಮ್ಮ. ಕಲಬುರ್ಗಿ ಕಡೆಯವಳು, ಐವತ್ತರ ಹತ್ತಿರದ ಹೆಂಗಸು, ಕಂಕುಳಲ್ಲಿ ಚಾದರದ ಗಂಟು. ಸಾಕ್ಷಿಗೆಂದೇ ಹೊತ್ತುಕೊಂಡು ಬಂದಿದ್ದಳು.

"ಗಂಟು ಹೊರಗ ಇತ್ತರಿ ಸಾಹೇಬ್ರ. ಚೀಲ ಎರಡೂ ಬಾಗಲ ಮುಂದ ಇದ್ವು. ಚಾವಿ ಬಾಗಲದಾಗ ಇತ್ತು. ಇದನ್ನ ನೋಡಿ ರೂಮ್ ಖಾಲಿ ಅಲ್ಲ ಅಂತ ಯಾರ್ ಅಂತಾರ್ರಿ?"

ಮಧ್ವರಾಜ ಅವಳ ಮಾತು ನಂಬಲಿಲ್ಲ. ಗಿರಾಕಿ ಯಾರಾದರೂ ಹೀಗೆ ಗಂಟು ಕಟ್ಟುತ್ತಾರೆಯೇ, ನೀನೇ ಕಟ್ಟಿ ಈಗ ಕತೆ ಹೇಳುತ್ತಿದ್ದೀ, ಹೋದ ತಿಂಗಳೂ ಹತ್ತನೇ ನಂಬರಿನಲ್ಲಿ ಗೊಂದಲ ಮಾಡಿದ್ದೀ, ಸಾಕು, ನಾಳೆಯಿಂದ ಬರಬೇಡ ಎಂದ. ಗುರಮ್ಮ ವಾದ ಮಾಡಲಿಲ್ಲ. ಗಂಟನ್ನು ಕೌಂಟರಿನ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಗಂಟು ಈಗ ಮೋಹನದಾಸನ ಮೂಗಿನ ನೇರಕ್ಕಿತ್ತು. ಎರಡು ಸುತ್ತು, ತುದಿ ಒಳಗೆ ಸಿಕ್ಕಿಸಿದ್ದು. ಅವನದೇ ಕೈ. ತನ್ನ ಸಹಿ ನೋಡಿದಷ್ಟು ಸ್ಪಷ್ಟವಾಗಿ ಗುರುತು ಹತ್ತಿತು.

ಸುಮ್ಮನಿದ್ದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಮಧ್ವರಾಜ ಇನ್ನೂ ಹತ್ತು ಸಲ ಕ್ಷಮೆ ಕೇಳುತ್ತಾನೆ, ಸ್ವರ್ಣಲತಾ ಕೋಪರಖೈರಣೆಗೆ ಹೋಗುವುದಿಲ್ಲ, ನಿನ್ನೆ ರಾತ್ರಿ ಸಿಕ್ಕ ಹೊಗಳಿಕೆಯೂ ಉಳಿಯುತ್ತದೆ. ಬಾಯಿಬಿಟ್ಟರೆ ಚೌತಿಯ ತನಕ ತಾನೇ ಗಂಜಿ ಬೇಯಿಸಿಕೊಳ್ಳಬೇಕು. ಅವನು ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದ. ಅವಳು ಗೋಡೆಯ ಮೇಲಿನ ನವಿಲಿನ ಚಿತ್ರ ನೋಡುತ್ತಿದ್ದಳು. ಗುರಮ್ಮ ಹೋಗಲು ತಿರುಗಿದಳು. ಅವಳ ಚಪ್ಪಲಿಯ ಒಂದು ಬಾರು ಕಿತ್ತುಹೋಗಿ ಪಿನ್ನು ಹಾಕಿತ್ತು.

"ಏಯ್, ನಿಲ್ಲಮ್ಮ," ಎಂದ ಮೋಹನದಾಸ. ತಪ್ಪು ಒಪ್ಪಿಕೊಳ್ಳುವಾಗಲೂ ಅವನಿಗೆ ದನಿ ತಗ್ಗಿಸಲು ಬರುವುದಿಲ್ಲ. "ಕಟ್ಟಿದ್ದು ನಾನು. ನಾನೇ. ಇಪ್ಪತ್ತಾರು ವರ್ಷದಿಂದ ಲಾಡ್ಜಿನಲ್ಲಿದ್ದೇನೆ, ಹಾಸಿಗೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಇವಳದ್ದು ಏನೂ ತಪ್ಪಿಲ್ಲ ಮಧ್ವರಾಜರೇ. ಗಂಟು ನೋಡಿ ಖಾಲಿ ಅಂತ ಹೇಳದಿದ್ದರೆ ಆಗ ಕೆಲಸದಿಂದ ತೆಗೆಯಬೇಕಿತ್ತು."

ಗುರಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಧ್ವರಾಜ ಅವಳ ಬೆನ್ನಿಗೆ, ನಾಳೆ ಬಾ ಮಾರಾಯ್ತಿ, ಏಳು ಗಂಟೆಗೇ ಬಾ ಎಂದು ಕೂಗಿದ.

ಮೋಹನದಾಸ ಬ್ಯಾಗುಗಳ ಹತ್ತಿರ ಹೋಗಿ ಹೆಂಡತಿಯದ್ದನ್ನು ಬೇರೆ ಮಾಡಿ ಇಟ್ಟ. ಮುರ್ಬಾಡ್ ರಸ್ತೆಯಲ್ಲಿ ರಿಕ್ಷಾ ಸಿಗುತ್ತದೆ, ಕಲ್ಯಾಣಿನಿಂದ ಠಾಣೆಗೆ ಗಾಡಿ ಇದೆ, ಅಲ್ಲಿ ಬದಲಿಸಿದರೆ ಕೋಪರಖೈರಣೆ ಎಂದು ನೆಲ ನೋಡುತ್ತ ಹೇಳಿದ.

"ಗಂಟು ನನಗೆ ಗುರುತು ಸಿಗುವುದಿಲ್ಲವಾ?" ಎಂದಳು ಸ್ವರ್ಣಲತಾ. "ಮನೆಯಲ್ಲಿ ಇಸ್ತ್ರಿಯವನಿಗೆ ಬಟ್ಟೆ ಕಟ್ಟಿಕೊಡುವುದು ಯಾರು? ಅವಳು ಒಳಗೆ ತಂದಾಗಲೇ ಗೊತ್ತಾಯಿತು. ಇವರು ಎಷ್ಟು ಹೊತ್ತು ಬಾಯಿಮುಚ್ಚಿಕೊಂಡಿರುತ್ತಾರೆ ನೋಡುವ ಅಂತ ನಿಂತಿದ್ದೆ. ಆ ಹೆಂಗಸು ಹೊಸ್ತಿಲು ದಾಟಿದ್ದರೆ ಚೌತಿಗೂ ಬರುತ್ತಿರಲಿಲ್ಲ ನಾನು."

ಅವಳು ಕೋಪರಖೈರಣೆಗೆ ಹೋಗಲಿಲ್ಲ. ಆದರೆ ಪುಕ್ಕಟೆ ಬಿಡುವವಳೂ ಅಲ್ಲ. ಇದ್ದದ್ದು ಡ್ರೈವರುಗಳು ಮಲಗುವ ಖೋಲಿ ಒಂದೇ. ಮಧ್ವರಾಜ ಸಂಕೋಚದಿಂದಲೇ ತೋರಿಸಿದ. ಎರಡು ಕಬ್ಬಿಣದ ಮಂಚ, ತಗಡಿನ ಮಾಡು, ಡ್ರೈವರುಗಳನ್ನು ಕರೆಯಲೆಂದು ಗೋಡೆಗೆ ಹಾಕಿದ ಒಂದು ಫೋನು. ಅವಳು ಮಂಚದ ಮೇಲೆ ಕಾಲು ಚಾಚಿ ಕೂತು ಸುತ್ತ ನೋಡಿದಳು. ಫ್ಯಾನು ಕಟಕಟ ಎನ್ನುತ್ತಿತ್ತು. ಮಾತಿನ ಪ್ರಕಾರ ನಡೆಯಲಿಲ್ಲವಲ್ಲ, ಅದಕ್ಕೆ ದಂಡ, ಫೋನ್ ಮಾಡಿ ಗಿರಾಕಿಯ ಹಾಗೆ ತಕರಾರು ಮಾಡಿ ಎಂದಳು. ಅದು ತನ್ನಿಂದಾಗದು, ಬೇಕಾದರೆ ಮಾಡಿನ ತಗಡು ಬಿಚ್ಚಿ ಹೊಸದು ಹಾಕುತ್ತೇನೆ ಎಂದ ಅವನು. ಅವಳು ಚಪ್ಪಲಿಗೆ ಕಾಲು ತೂರಿಸಿ ಬ್ಯಾಗಿನ ಹಿಡಿಗೆ ಕೈ ಹಾಕಿದಳು.

ಅವನು ಫೋನೆತ್ತಿದ. ಕೌಂಟರಿನಿಂದ ಹಲೋ ಎಂದದ್ದೇ ತಡ, ಎಲ್ಲ ಚೆನ್ನಾಗಿದೆ, ಥ್ಯಾಂಕ್ಯೂ ಎಂದು ಇಟ್ಟುಬಿಟ್ಟ. ಅವಳು ಎದ್ದು ನಿಂತಳು. ಅವನು ಮತ್ತೆ ಎತ್ತಿದ. ಈ ಸಲ, ಫ್ಯಾನು ಸ್ವಲ್ಪ, ಅಂದರೆ, ಸದ್ದು ಮಾಡುತ್ತದೆ ಎಂದ. ಹೇಳುವಾಗ ಕಿವಿ ಕೆಂಪಾಯಿತು. ಆಚೆಯಿಂದ, ಸಾರಿ ಸರ್, ಈಗಲೇ ಕಳಿಸುತ್ತೇವೆ ಸರ್ ಎಂದು ಉತ್ತರ ಬಂತು.

ಸರ್. ಮೋಹನದಾಸ ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡ. ಬೆನ್ನು ನೆಟ್ಟಗಾಯಿತು.

"ಈಗಲೇ ಅಂದರೆ ಎಷ್ಟು ಹೊತ್ತು?" ಎಂದ. "ನೀವು ಈಗಲೇ ಅಂದರೆ ಅರ್ಧ ಗಂಟೆ, ನನಗೆ ಗೊತ್ತಿಲ್ಲವಾ? ಮತ್ತೆ, ಈ ಮಂಚ ಯಾವ ಕಾಲದ್ದು? ಬಾಗಿಲಿನ ಚಿಲಕ ಬೀಳುವುದಿಲ್ಲ. ಸೊಳ್ಳೆ ಇದೆ. ನಿನ್ನೆ ನಿಮ್ಮ ವೇಟರು ಲೋಟದೊಳಗೆ ಬೆರಳು ಹಾಕಿ ನೀರು ತಂದ. ಮ್ಯಾನೇಜರನ್ನು ಕರೆಯಿರಿ. ಓ, ನೀವೇನಾ ಮಧ್ವರಾಜರೇ? ಒಳ್ಳೆಯದಾಯಿತು, ಬರೆದುಕೊಳ್ಳಿ."

ಅವನ ಮುಖದಲ್ಲಿ ಇಷ್ಟು ಕಳೆಯನ್ನು ಸ್ವರ್ಣಲತಾ ಮದುವೆಯ ದಿನವೂ ಕಂಡಿರಲಿಲ್ಲ. ಐದು ನಿಮಿಷ ಕಾದಳು. ಸಾಕು ಮಾರಾಯ್ರೆ, ಇಡಿ ಎಂದು ಅಂಗಿ ಜಗ್ಗಿದಳು. ಅವನು ಒಂದು ಕೈಯಿಂದ ರಿಸೀವರಿನ ಬಾಯಿ ಮುಚ್ಚಿ ಅವಳ ಕಡೆ ತಿರುಗಿದ.

"ಸ್ವಲ್ಪ ತಡಿ ನೀನು. ದಿಂಬಿನ ವಿಷಯ ಇನ್ನೂ ಶುರುವೇ ಮಾಡಲಿಲ್ಲ."