ಕುಲುಕು ತಪ್ಪಿದ ಕೈ

ಈ ಹಾಳೆಯೂ ಎಡಕ್ಕೆ ದಪ್ಪವಾಗಿತ್ತು. ನಜ್ಜಾರೆನೊ ಮೇಸ್ತ್ರಿಯ ಕಡೆ ಒಮ್ಮೆ ಕಳ್ಳನೋಟ ಹಾಯಿಸಿ, ಜರಡಿಯನ್ನು ಮಗುಚಿ ತೊಟ್ಟಿಯಲ್ಲಿ ಅದ್ದಿದ. ಹಾಳೆಯಾಗಬೇಕಿದ್ದದ್ದು ಮತ್ತೆ ಗಂಜಿಯಾಯಿತು. ಬೆಳಗಿನಿಂದ ಇದು ಹತ್ತೊಂಬತ್ತನೆಯದು. ತೊಟ್ಟಿಯ ಆಚೆಯಿಂದ ಅದನ್ನು ಎತ್ತಿಕೊಟ್ಟಿದ್ದ ಒರೆಸ್ತೆ ಏನೂ ಕಾಣದವನ ಹಾಗೆ ಕಿಟಕಿಯಾಚೆ ನೋಡುತ್ತಿದ್ದ.

ಮಾರ್ಕೆ ಬೆಟ್ಟಗಳ ಆ ಕಾಗದದ ಗಿರಣಿಗೆ ಮುನ್ನೂರು ವರ್ಷ ತುಂಬಿತ್ತು. ಪೋಪನ ಆಳ್ವಿಕೆ ಹೋಗಿ ಇಟಲಿಗೆ ರಾಜ ಬಂದಿದ್ದ. ಹಳ್ಳದ ನೀರು ಮಾತ್ರ ಅದೇ ಚಕ್ರ ತಿರುಗಿಸುತ್ತ, ಕೊಡತಿಗಳಿಂದ ಹಳೇ ಬಟ್ಟೆ ಕುಟ್ಟಿಸಿ ಗಂಜಿ ಮಾಡುತ್ತಿತ್ತು. ಒಂದು ಕಾಲಕ್ಕೆ ಒಂಬತ್ತು ತೊಟ್ಟಿಗಳಿದ್ದವು. ಪಕ್ಕದ ಕಟ್ಟಡಕ್ಕೆ ಯಂತ್ರ ಬಂದ ಮೇಲೆ ಉಳಿದದ್ದು ಇದೊಂದೇ. ಒರೆಸ್ತೆ ಗಂಜಿಯಿಂದ ಜರಡಿ ಎತ್ತಿ ಎಡಬಲ ಒಮ್ಮೆ, ಹಿಂದುಮುಂದೆ ಒಮ್ಮೆ ಕುಲುಕಿ ಕೊಡುವುದು, ಅವನ ತಂಗಿಯ ಗಂಡ ನಜ್ಜಾರೆನೊ ಅದನ್ನು ಇಸಿದುಕೊಂಡು ಹಸಿ ಹಾಳೆಯನ್ನು ಉಣ್ಣೆ ಬಟ್ಟೆಯ ಮೇಲೆ ಒತ್ತಿ ಇಳಿಸುವುದು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಹಾಳೆ ಸಮನಾಗುವುದು ಆ ಕುಲುಕಿನಿಂದಲೇ; ಒಮ್ಮೆ ಅದು ಕೈತಪ್ಪಿದರೆ ಮತ್ತೆ ಬರುವುದಿಲ್ಲ. ತೊಟ್ಟಿಯವರು ಜ್ವರಕ್ಕೂ ಇಷ್ಟು ಹೆದರುವುದಿಲ್ಲ.

"ಏನ್ರಪ್ಪಾ, ಹಾಳೆ ಯಾಕೆ ಇಷ್ಟು ಕಮ್ಮಿ?" ಮೇಸ್ತ್ರಿ ಸೆತ್ತಿಮಿಯೊ ಬಂದೇಬಿಟ್ಟ. "ನಿಂತಲ್ಲೇ ನಿದ್ದೆ ಹೊಡೀತಿದೀರಾ? ಹೀಗೇ ಆದ್ರೆ ಈ ತೊಟ್ಟಿಗೂ ಬೀಗವೇ."

"ತಪ್ಪು ನಂದು ಮೇಸ್ತ್ರೀ," ಎಂದ ನಜ್ಜಾರೆನೊ. "ಕೈಗೆ ವಾತ. ಇಳಿಸೋವಾಗ ಹರಿದುಹೋಗ್ತಿದೆ."

"ಹಾಗಾದ್ರೆ ನಾಳೆಯಿಂದ ಅಟ್ಟಕ್ಕೆ ಹೋಗಿ, ಹೆಂಗಸರ ಜೊತೆ ಕೂತು ಹಳೇ ಅಂಗಿ ಗುಂಡಿ ಕೀಳು. ಒರೆಸ್ತೆಗೆ ಬೇರೆಯವನನ್ನ ಕೊಡ್ತೀನಿ."

ಹೊಸಬನಿಗೆ ಮೊದಲ ಹಾಳೆಯಲ್ಲೇ ಎಲ್ಲ ಗೊತ್ತಾಗುತ್ತದೆ. ಅಷ್ಟು ದೂರ ನಜ್ಜಾರೆನೊ ಯೋಚಿಸಿರಲಿಲ್ಲ.

ಒರೆಸ್ತೆ ಜರಡಿಯನ್ನು ಕೆಳಗಿಟ್ಟ. "ಸುಳ್ಳು ಹೇಳೋಕೂ ಬರಲ್ಲ ಇವನಿಗೆ. ಇಷ್ಟು ವರ್ಷದಲ್ಲಿ ಒಂದು ಹಾಳೆ ಹರಿದಿಲ್ಲ ಈ ನನ್ಮಗ. ಹೋಗಿರೋದು ನನ್ನ ಕೈ, ಮೇಸ್ತ್ರೀ."

ಸೆತ್ತಿಮಿಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ಮುಚ್ಚೋದೇ."

"ಯಾಕೆ ಮುಚ್ಚೋದು? ಇವನಿಲ್ವಾ?" ಎಂದ ಒರೆಸ್ತೆ.

"ಭಾವ, ನನ್ನ ಕೈಲಾಗಲ್ಲ!"

"ಮತ್ತೆ ಇಷ್ಟು ದಿನ ನನ್ನೆದುರಿಗೆ ನಿಂತು ಕತ್ತೆ ಕಾಯ್ತಿದ್ಯಾ? ಬಾ ಈ ಕಡೆ."

"ಸಂಜೆವರೆಗೆ ನೋಡ್ತೀನಿ, ಅಷ್ಟೇ," ಎಂದು ಮೇಸ್ತ್ರಿ ಅಲ್ಲೇ ನಿಂತ.

ಇಬ್ಬರೂ ಜಾಗ ಬದಲಿಸಿಕೊಂಡರು. ಮುನ್ನೂರು ವರ್ಷದ ಕಾಲುಗಳು ಸವೆಸಿದ ಕಲ್ಲಿನ ತಗ್ಗಿನಲ್ಲಿ ನಜ್ಜಾರೆನೊ ಪಾದ ಊರಿದ. ಅದ್ದಿದ, ಎತ್ತಿದ, ಕುಲುಕಿದ. ಒರೆಸ್ತೆ ಜರಡಿಯನ್ನು ಬೆಳಕಿಗೆ ಓರೆ ಹಿಡಿದು ನೋಡಿ, ತೊಟ್ಟಿಯಲ್ಲಿ ಮಗುಚಿದ. "ಇನ್ನೊಂದು." ಎರಡನೆಯದೂ ಹೋಯಿತು, ಆರನೆಯದೂ ಹೋಯಿತು. ನಜ್ಜಾರೆನೊಗೆ ಅಳುವೇ ಬಂತು.

ಹನ್ನೊಂದನೆಯದನ್ನು ಒರೆಸ್ತೆ ಬಹಳ ಹೊತ್ತು ನೋಡಿದ. ಉಣ್ಣೆಯ ಮೇಲೆ ನಿಧಾನವಾಗಿ ಒತ್ತಿ ಇಳಿಸಿ, ಇನ್ನೊಂದು ಉಣ್ಣೆ ಹೊದಿಸಿದ. ಆಮೇಲೆ, ಇಷ್ಟು ಕಾಲ ಕೊಟ್ಟೇ ಗೊತ್ತಿದ್ದ ಎರಡೂ ಕೈಗಳನ್ನು ಮುಂದಿನ ಜರಡಿ ಇಸಿದುಕೊಳ್ಳಲು ಚಾಚಿದ.