ಹಿಂದಕ್ಕೆ ತಿರುಗಲಾರದ ರಾಜ

ಒಂದಾನೊಂದು ಊರಿನಲ್ಲಿ ಹಿಂದಕ್ಕೆ ತಿರುಗಿ ನೋಡಲಾರದ ರಾಜನೊಬ್ಬನಿದ್ದ. ಕಿರೀಟದ ಬದಲು ಬಿಳಿ ಟೋಪಿ, ಬತ್ತಳಿಕೆಯ ಬದಲು ಗಾಲ್ಫ್ ಕೋಲುಗಳ ಚೀಲ. ರಾಣಿ ನನ್ನ ದೊಡ್ಡಮ್ಮ. ಹಾಗಾಗಿ ರಾಜ ನನ್ನ ದೊಡ್ಡಪ್ಪನೇ ಆಗಬೇಕು.

ಗಾಲ್ಫ್ ಮೈದಾನದ ನಡುವೆ ಒಂದು ಕೊಳ. ದೊಡ್ಡಪ್ಪ ಹೊಡೆದ ಚೆಂಡೆಲ್ಲ ಅದರ ಹೊಟ್ಟೆಗೇ. ಮೇಲೆ ಸೊಂಟನೋವು ಬೇರೆ. ಕೊನೆಗೆ ದೊಡ್ಡಮ್ಮ ಷರತ್ತು ಹಾಕಿದಳು.

"ಕ್ಲಬ್ಬಿನ ಪಂದ್ಯದ ದಿನ ಚೆಂಡು ಕೊಳ ದಾಟ್ಲಿಲ್ಲ ಅಂದ್ರೆ ಆ ಕೋಲುಗಳೆಲ್ಲ ನನ್ನ ಹೂಬಳ್ಳಿಗೆ ಆಸರೆ. ನೀವು ನರಳೋದು ಕೇಳಿ ಕೇಳಿ ಸಾಕಾಗಿದೆ."

"ದಾಟಿಸ್ತೀನಿ" ಎಂದು ಮಾತು ಕೊಟ್ಟ ದೊಡ್ಡಪ್ಪ ನೆಟ್ಟಗೆ ನನ್ನ ಜಿಮ್ಮಿಗೆ ಬಂದರು. ಬ್ಯಾಟು, ರಾಕೆಟ್ಟು, ಗಾಲ್ಫ್ ಕೋಲು ಬೀಸುವವರ ಮೈ ಪಳಗಿಸುವುದು ನನ್ನ ಕಸುಬು.

"ಕೈಗೆ ಬಲ ಬರೋ ಹಾಗೆ ಏನಾದ್ರೂ ಹೇಳ್ಕೊಡು ಮಗಳೇ. ತೂಕ ಎತ್ತಲಾ?"

"ಮೊದ್ಲು ಟೈಮ್ ಎಷ್ಟು ಹೇಳಿ ದೊಡ್ಡಪ್ಪ."

ಗಡಿಯಾರ ಅವರ ಬೆನ್ನ ಹಿಂದಿನ ಗೋಡೆಯಲ್ಲಿತ್ತು. ಪುಟ್ಟ ಪುಟ್ಟ ಹೆಜ್ಜೆಯಿಡುತ್ತ, ಬೀರು ಸರಿಸಿದಂತೆ, ಇಡೀ ಮೈಯನ್ನೇ ಅತ್ತ ತಿರುಗಿಸಿದರು. ಅವರು ಕಾರು ಹಿಂದಕ್ಕೆ ತೆಗೆಯುವಾಗಲೆಲ್ಲ ದೊಡ್ಡಮ್ಮ ಕೆಳಗಿಳಿದು "ಬನ್ನಿ, ಬನ್ನಿ" ಎನ್ನುವುದು ಯಾಕೆಂದು ಆಗ ಹೊಳೆಯಿತು.

ಗಾಲ್ಫ್ ಕಲಿಸಿದವರು ಯಾವ ಕಾಲದಲ್ಲೋ "ತಲೆ ಅಲ್ಲಾಡಬಾರದು" ಎಂದಿದ್ದರಂತೆ. ವಿಧೇಯ ಶಿಷ್ಯ ತಲೆಯ ಜೊತೆಗೆ ಎದೆಗೂಡು, ತೊಡೆಯ ಕೀಲು ಎಲ್ಲಕ್ಕೂ ಬೀಗ ಜಡಿದಿದ್ದರು. ತಿರುಗುವ ಕೆಲಸವೆಲ್ಲ ಬಡಪಾಯಿ ಸೊಂಟದ ಪಾಲಿಗೆ.

ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ತೋಳನ್ನು ಪುಸ್ತಕದ ಹಾಳೆಯಂತೆ ಹಿಂದಕ್ಕೆ ಬಿಡಿಸಲು ಹೇಳಿದೆ.

"ಮಲಗೋದೂ ವ್ಯಾಯಾಮಾನಾ?"

"ಉಸಿರು ಬಿಡಿ, ಎದೆ ತಿರುಗ್ಲಿ. ಮೊಣಕಾಲು ಏಳಬಾರದು."

"ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ. ಇದನ್ನ ಮನೇಲೇ ಮಾಡ್ತಿದ್ರಲ್ಲ ಅಂತಾಳೆ."

ಎದೆ ಸಡಿಲವಾದ ಮೇಲೆ ಮರಳು ತುಂಬಿದ ಚೆಂಡನ್ನು ಗೋಡೆಗೆ ಎಸೆಯಿಸಿದೆ. ಮೊದಲು ಪಾದ ನೆಲ ಒತ್ತಬೇಕು, ತೊಡೆಯ ಕೀಲು ತಿರುಗಬೇಕು, ಅದರ ಬೆನ್ನಿಗೇ ಎದೆ. ಕೈ ಮಾತ್ರ ಊಟದ ಹೊತ್ತಿಗೆ ಬರುವ ನೆಂಟನಂತೆ ಕೊನೆಗೆ. ದೊಡ್ಡಪ್ಪನ ಕೈ ಯಾವಾಗಲೂ ಮುಂಚೆಯೇ ಬಂದು ಕೂರುತ್ತಿತ್ತು.

"ನೆಂಟರು ಬೇಗ ಬಂದ್ರು" ಎಂದು ನಾನು ಛೇಡಿಸುತ್ತಿದ್ದೆ. ದಿನ ಕಳೆದಂತೆ ನೆಂಟರು ತಡಮಾಡುವುದನ್ನು ಕಲಿತರು.

ಪಂದ್ಯದ ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಕಾರಿನಿಂದ ಇಳಿಯಹೋದಳು.

"ನೀನು ಕೂತ್ಕೋ" ಎಂದ ದೊಡ್ಡಪ್ಪ, ಎದೆ ಹೊರಳಿಸಿ ಹಿಂದಿನ ಗಾಜಿನಾಚೆ ನೋಡುತ್ತ ಗೇಟು ದಾಟಿಸಿದರು. ದೊಡ್ಡಮ್ಮ ಕಿಟಕಿಯತ್ತ ಮುಖ ಮಾಡಿ ಗೊಣಗಿದಳು: "ನನ್ನ ಬಳ್ಳಿ ಗತಿ ಏನು?"

ಕೊಳದ ದಡದಲ್ಲಿ ನಾನು, ದೊಡ್ಡಮ್ಮ ಬದಿಗೆ ಸರಿದೆವು. ದೊಡ್ಡಪ್ಪ ನಿಂತರು, ಉಸಿರು ಬಿಟ್ಟರು. ಪಾದ, ತೊಡೆ, ಎದೆ, ಎಲ್ಲಕ್ಕೂ ಕೊನೆಗೆ ಕೈ. ಟಪ್ ಎಂದಿತು.

ಚೆಂಡು ಹೋದಮೇಲೂ ಅವರು ಹುಲ್ಲನ್ನೇ ದಿಟ್ಟಿಸುತ್ತಿದ್ದರು.

"ಮುಳುಗ್ತಾ?"

"ಇನ್ನಾದ್ರೂ ತಲೆ ಎತ್ರೀ" ಎಂದಳು ದೊಡ್ಡಮ್ಮ.

ಆಚೆ ದಡದ ಹಸಿರಿನಲ್ಲಿ ಬೆಳ್ಳಗೆ ಕೂತಿತ್ತು ಚೆಂಡು.